ಯಾವ ಹೆಗಡೆ?

ನಮ್ಮ ಕಾಲೇಜಿನ ಕನ್ನಡ ವಿಭಾಗಕ್ಕೆ ಹೊಸದಾಗಿ ಬಂದ ತರುಣ ಅಧ್ಯಾಪಕರೊಬ್ಬರು ಕೆಲವು ತಿಂಗಳ ಹಿಂದೆ ಬಸವೇಶ್ವರನಗರದಲ್ಲಿ ಬಾಡಿಗೆಯ ಮನೆಯನ್ನು ಹುಡುಕುತ್ತಿದ್ದರು. ಕಾರ್ಕಳದ ಕಡೆಯವರು, ಹಳಗನ್ನಡದಲ್ಲಿ ಒಳ್ಳೆಯ ಪರಿಶ್ರಮವುಳ್ಳವರು, ಹೆಂಡತಿಯೂ ನಾಲ್ಕು ವರ್ಷದ ಮಗಳೂ ಊರಿನಿಂದ ಬರಬೇಕಾಗಿದ್ದಿತು. ನಾನು ಅದೇ ಬಡಾವಣೆಯ ಹಳೆಯ ನಿವಾಸಿಯಾದುದರಿಂದ ಒಂದು ಭಾನುವಾರ ಅವರ ಜೊತೆಗೆ ಹೊರಟೆ. ಮೂರನೆಯ ಮನೆ ಇಬ್ಬರಿಗೂ ಮೆಚ್ಚಿಗೆಯಾಯಿತು. ಬಾವಿಯ ನೀರಿಲ್ಲದಿದ್ದರೂ ಕಾವೇರಿಯ ನೀರಿತ್ತು, ಮುಂದೆ ಒಂದು ಸಂಪಿಗೆಯ ಮರವಿತ್ತು. ಮನೆಯ ಯಜಮಾನರು ಸಜ್ಜನರು, ಕಾಫಿ ಕೊಟ್ಟರು. ಹೆಸರು ಕೇಳಿದರು. 'ಹೆಗಡೆ' ಎಂಬುದು ಕಿವಿಗೆ ಬಿದ್ದೊಡನೆ ಅವರ ಮುಖದಲ್ಲಿ ಒಂದು ಬಗೆಯ ನಿರಾಳ ಮೂಡಿದುದನ್ನು ನಾನು ಗಮನಿಸಿದೆ. ಒಂದು ನಿಮಿಷ ಕಳೆದ ಮೇಲೆ, ಏನೋ ಸಂಶಯ ಬಂದವರಂತೆ, ಅವರು ಮತ್ತೆ ಕೇಳಿದರು:

"ಹೆಗಡೆ ಅಂದಿರಲ್ಲ, ಯಾವ ಹೆಗಡೆ? ಶಿರಸಿ ಕಡೆಯವರೋ, ಮಂಗಳೂರು ಕಡೆಯವರೋ?"

"ಕಾರ್ಕಳದ ಕಡೆ ಸಾರ್."

ಯಜಮಾನರು ಲೋಟವನ್ನು ಕೆಳಗಿಟ್ಟರು. ಮನೆಯ ವಿಷಯ ತಮ್ಮ ಮಗನನ್ನು ಒಂದು ಮಾತು ಕೇಳಬೇಕೆಂದೂ, ಸಂಜೆ ತಿಳಿಸುವುದಾಗಿಯೂ ಹೇಳಿದರು. ಆ ಸಂಜೆ ಇಂದಿಗೂ ಬಂದಿಲ್ಲ.

ಹಿಂದಿರುಗುವಾಗ ದಾರಿಯಲ್ಲಿ ನಾನು ಆ ಯಜಮಾನರ ಸಂಕುಚಿತ ಬುದ್ಧಿಯನ್ನು ಕುರಿತು ಒಂದಿಷ್ಟು ವೀರಾವೇಶದ ಮಾತನ್ನಾಡಿದೆ. ನಮ್ಮ ತರುಣ ಮಿತ್ರರು ನಕ್ಕು ಸುಮ್ಮನಾದರು. ಆ ನಗೆಯ ಅರ್ಥ ನನಗೆ ರಾತ್ರಿ ಹಾಸಿಗೆಯ ಮೇಲೆ ಹೊಳೆಯಿತು. ಅವರು ಕಾಲೇಜಿಗೆ ಬಂದ ಮೊದಲನೆಯ ದಿನ, ಅಧ್ಯಾಪಕರ ಕೊಠಡಿಯಲ್ಲಿ, ಇದೇ ಪ್ರಶ್ನೆಯನ್ನು ಇದೇ ಶಬ್ದಗಳಲ್ಲಿ ನಾನೇ ಅವರಿಗೆ ಕೇಳಿದ್ದೆ. ಮನೆಯನ್ನು ಕೊಡುವ ಬಿಡುವ ಅಧಿಕಾರ ನನ್ನ ಕೈಯಲ್ಲಿರಲಿಲ್ಲವೆಂಬುದಷ್ಟೇ ನನಗೂ ಆ ಯಜಮಾನರಿಗೂ ಇದ್ದ ವ್ಯತ್ಯಾಸ.

ಪ್ರಕೃತ ಲೇಖನ ಆ ರಾತ್ರಿಯಿಂದ ಹುಟ್ಟಿದ್ದು. ಈ ಪ್ರಶ್ನೆಗೆ ಜಾತಿಯ ಉತ್ತರವಲ್ಲದೆ ಬೇರೆ ಉತ್ತರವೇ ಇಲ್ಲವೆ? ಹೆಗಡೆ ಎಂದರೆ ಯಾರು? ಈ ಹೆಸರು ಎಲ್ಲಿಂದ ಬಂದಿತು, ಯಾರ ಯಾರ ಮನೆಯ ಬಾಗಿಲಲ್ಲಿ ನಿಂತಿತು?

ಹೆಸರಿನ ಮೊದಲ ಅವಯವದ ವಿಷಯದಲ್ಲಿ ಜಗಳವಿಲ್ಲ. ಹಳಗನ್ನಡದ 'ಪಿರಿದು' ಎಂಬುದೇ ಸಮಾಸದಲ್ಲಿ 'ಪೆರ್' ಎಂದಾಗುತ್ತದೆ. ಪೆರ್ಮರ ಹೆಮ್ಮರವಾಯಿತು, ಪೆರ್ಬಾಗಿಲು ಹೆಬ್ಬಾಗಿಲಾಯಿತು, ಹೆಬ್ಬಾವು, ಹೆಬ್ಬುಲಿ, ಹೆದ್ದೊರೆ, ನಿನ್ನೆ ಮೊನ್ನೆ ಹುಟ್ಟಿದ ಹೆದ್ದಾರಿ ಎಲ್ಲವೂ ಈ ಒಂದೇ ಬಳ್ಳಿಯ ಕಾಯಿಗಳು. ಹೆಬ್ಬಾರ ಎಂಬ ಮನೆತನದ ಹೆಸರಿನಲ್ಲಿರುವುದೂ ಇದೇ 'ಪೆರ್'. ಅದರ ಮುಂದಿರುವುದು 'ಪಾರ್ವ', ಅಂದರೆ ಹಾರುವ. ಹಾಗೆಯೇ ಪೆರ್ಗಡೆ ಹೆಗ್ಗಡೆಯಾಯಿತು. ಇಲ್ಲಿ ಎರಡು ಬದಲಾವಣೆಗಳು ನಡೆದಿವೆ. ಶಬ್ದದ ಮೊದಲಿನ ಪಕಾರ ಹಕಾರವಾದುದು ಒಂದು: ಪಾಲ್ ಹಾಲಾದಂತೆ, ಪೂ ಹೂವಾದಂತೆ, ಪಗಲ್ ಹಗಲಾದಂತೆ. ರೇಫೆ ತನ್ನ ಮುಂದಿನ ವ್ಯಂಜನದಲ್ಲಿ ಲೀನವಾದುದು ಇನ್ನೊಂದು: ಪೆರ್ಚು ಹೆಚ್ಚಾದಂತೆ, ಮರ್ದು ಮದ್ದಾದಂತೆ. 10ನೆಯ ಶತಮಾನದಿಂದೀಚೆಗೆ ಶಾಸನಗಳಲ್ಲಿ ಅಲ್ಲಲ್ಲಿ ತಲೆದೋರಿದ ಹಕಾರವು ಮೂರು ನಾಲ್ಕು ಶತಮಾನಗಳಲ್ಲಿ ಕನ್ನಡವನ್ನೆಲ್ಲ ವ್ಯಾಪಿಸಿತು. ಹೆಗ್ಗಡೆಯಲ್ಲಿದ್ದ ಒತ್ತಕ್ಷರವು ಕಾಲಕ್ರಮದಲ್ಲಿ ಸವೆದು ಹೆಗಡೆಯಾಯಿತು. ಇಂಗ್ಲಿಷಿನ ಕಾಗುಣಿತದಲ್ಲಿ ನಡುವಣ ಸ್ವರಕ್ಕೆ ಸ್ಥಳವಿಲ್ಲದೆ ಹೋದುದರಿಂದ ಇಂದಿನ ಮಕ್ಕಳ ಬಾಯಲ್ಲಿ ಅದು 'ಹೆಗ್ಡೆ'. ನಾಲ್ಕಕ್ಷರದ ಅಧಿಕಾರ ಎರಡೂವರೆ ಅಕ್ಷರಕ್ಕೆ ಇಳಿದಂತಾಯಿತು.

ಅಧಿಕಾರ ಎಂದೆ. ಹೌದು, ಪೆರ್ಗಡೆ ಎಂಬುದು ಮೂಲತಃ ಒಂದು ಅಧಿಕಾರದ ಹೆಸರು. ಕಲ್ಯಾಣದ ಚಾಲುಕ್ಯರ ಮತ್ತು ಹೊಯ್ಸಳರ ಶಾಸನಗಳ ಸಂಪುಟಗಳನ್ನು ತಿರುವಿ ಹಾಕಿದವರಿಗೆ ಈ ಶಬ್ದ ಹೆಜ್ಜೆಹೆಜ್ಜೆಗೆ ಎದುರಾಗುತ್ತದೆ. ಅರಮನೆಯ ಆಡಳಿತವನ್ನು ನೋಡಿಕೊಳ್ಳುವವನು ಮನೆವೆರ್ಗಡೆ. ಸುಂಕದ ವಸೂಲಿಯ ಮೇಲ್ವಿಚಾರಕನು ಸುಂಕವೆರ್ಗಡೆ. (ಮನೆ ಎಂಬುದಕ್ಕೆ ಪೆರ್ಗಡೆ ಪರವಾದಾಗ ಪಕಾರಕ್ಕೆ ವಕಾರ ಆದೇಶವಾಗುವುದೆಂಬುದನ್ನು ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆಯಿಂದ ವಿವರಿಸಲು ನನಗೆ ಸಾಧ್ಯವಾಗಿಲ್ಲ.) ರೈಸ್ ಸಾಹೇಬರು 1886ರಲ್ಲಿ ಕೊಡಗಿನ ಶಾಸನಗಳಿಂದ ಆರಂಭಿಸಿದ 'ಎಪಿಗ್ರಾಫಿಯಾ ಕರ್ಣಾಟಿಕಾ' ಸಂಪುಟಗಳಲ್ಲಿ ಸಾಮಾನ್ಯವಾಗಿ ಈ ಪದವಿ ವ್ಯಕ್ತಿಯ ಹೆಸರಿಗಿಂತ ಮುಂಚೆ ಬರುತ್ತದೆಂಬುದನ್ನು ಗಮನಿಸಬೇಕು. ಪೆರ್ಗಡೆ ಇಂಥವನು, ದಂಡನಾಯಕ ಇಂಥವನು, ಸೇನಬೋವ ಇಂಥವನು ಎಂದೇ ಅಲ್ಲಿನ ಕ್ರಮ. ಇಂದು ನಾವು ತಹಶೀಲ್ದಾರ್ ಇಂಥವರು ಎನ್ನುವ ಹಾಗೆ. ಮುಂದಿದ್ದ ಈ ಪದವಿ ಹಿಂದಕ್ಕೆ ಸರಿದು ಹೆಸರಿನ ಬಾಲವಾಗಿ ನಿಂತುದರಲ್ಲಿಯೇ ಒಂದು ಉದ್ಯೋಗ ಒಂದು ಮನೆತನವಾದ ಚರಿತ್ರೆ ಅಡಗಿದೆ. ತಂದೆ ಮಾಡಿದ ಕೆಲಸವನ್ನು ಮಗ ಮಾಡಿದ, ಮೊಮ್ಮಗನೂ ಮಾಡಿದ, ಮರಿಮಗನ ಕಾಲಕ್ಕೆ ಅರಸೊತ್ತಿಗೆ ಬದಲಾಗಿ ಕೆಲಸ ತಪ್ಪಿತು, ಹೆಸರು ಮಾತ್ರ ಉಳಿಯಿತು.

ಆ ಕೆಲಸ ಯಾವ ಒಂದು ಜಾತಿಯ ಸ್ವತ್ತೂ ಆಗಿರಲಿಲ್ಲವೆಂಬುದಕ್ಕೆ ಇಂದಿನ ಹೆಗಡೆಯರೇ ಸಾಕ್ಷಿ. ಉತ್ತರ ಕನ್ನಡದ ಸಿದ್ದಾಪುರ, ಶಿರಸಿ, ಹೊನ್ನಾವರಗಳ ಅಡಕೆಯ ತೋಟಗಳ ನಡುವೆ ಹೆಗಡೆ ಎಂದರೆ ಹವ್ಯಕ ಬ್ರಾಹ್ಮಣರು. ಅಲ್ಲಿಯೂ ಅದು ವೃತ್ತಿಯ ಗುರುತೇ: ಪೌರೋಹಿತ್ಯವನ್ನು ಹಿಡಿದವರು ಭಟ್ಟರು, ತೋಟವನ್ನೂ ಊರಿನ ಯಜಮಾನಿಕೆಯನ್ನೂ ಹಿಡಿದವರು ಹೆಗಡೆಯವರು. 1983ರಿಂದ 1988ರವರೆಗೆ ಈ ರಾಜ್ಯದ ಮುಖ್ಯಮಂತ್ರಿಗಳಾಗಿದ್ದ ರಾಮಕೃಷ್ಣ ಹೆಗಡೆಯವರು ಸಿದ್ದಾಪುರದ ಕಡೆಯವರು. ಘಟ್ಟವನ್ನಿಳಿದು ಕಡಲ ಕರೆಯ ಗುಂಟ ತೆಂಕಣಕ್ಕೆ ನಡೆದರೆ, ಹೆಗ್ಡೆ ಎಂದರೆ ಬಂಟರು. 1967ರಲ್ಲಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶರಾಗಿ, 1973ರಲ್ಲಿ ತಮಗಿಂತ ಕಿರಿಯರನ್ನು ಮುಖ್ಯ ನ್ಯಾಯಾಧೀಶರನ್ನಾಗಿ ನೇಮಿಸಿದಾಗ ರಾಜೀನಾಮೆಯಿತ್ತು ಹೊರಬಂದು, 1977ರಲ್ಲಿ ಲೋಕಸಭೆಯ ಸಭಾಪತಿಗಳಾದ ಕೌಡೂರು ಸದಾನಂದ ಹೆಗ್ಡೆಯವರನ್ನು ಯಾರು ಮರೆಯಬಲ್ಲರು? ಅದೇ ಜಿಲ್ಲೆಗಳಲ್ಲಿ ಜೈನರಲ್ಲಿಯೂ ಹೆಗ್ಡೆಯವರಿದ್ದಾರೆ. ಕೊಡಗಿನಲ್ಲಿ ಹೆಗ್ಗಡೆ ಎಂಬುದೇ ಒಂದು ಸಮುದಾಯದ ಹೆಸರು. ಮೈಸೂರು ಜಿಲ್ಲೆಯಲ್ಲಿ ಒಂದು ತಾಲ್ಲೂಕೇ ಹೆಗ್ಗಡದೇವನಕೋಟೆ.

ಇನ್ನು ಮಲೆನಾಡಿಗೆ ಬಂದರೆ ಒಂದು ಸ್ವಾರಸ್ಯವಿದೆ. ಕುವೆಂಪು ಅವರ 'ಕಾನೂರು ಹೆಗ್ಗಡಿತಿ' ಕಾದಂಬರಿಯನ್ನು (1936) ಓದಿದವರು, ಅಲ್ಲಿನ ಗಂಡ ಚಂದ್ರಯ್ಯಗೌಡನೆಂಬುದನ್ನೂ ಹೆಂಡತಿ ಸುಬ್ಬಮ್ಮ ಹೆಗ್ಗಡಿತಿಯೆಂಬುದನ್ನೂ ಬಲ್ಲರು. ಗೌಡನ ಹೆಂಡತಿ ಗೌಡಿತಿಯಾಗದೆ ಹೆಗ್ಗಡಿತಿಯಾದುದೇಕೆ? ಮನೆಯ ಹೆಣ್ಣುಮಕ್ಕಳಿಗೆ ಉಳಿದ ಗೌರವದ ಹೆಸರಿನಲ್ಲಿ ಮಲೆನಾಡಿನ ಒಕ್ಕಲಿಗರ ಮನೆಗಳಲ್ಲಿಯೂ ಹೆಗ್ಗಡೆತನದ ನೆನಪು ಕುಳಿತಿದೆ ಎಂದು ನಾನು ತಿಳಿಯುತ್ತೇನೆ. ಗಂಡಸರು ಕಳೆದುಕೊಂಡುದನ್ನು ಹೆಂಗಸರು ಜೋಪಾನ ಮಾಡುವುದು ಭಾಷೆಯ ಚರಿತ್ರೆಯಲ್ಲಿ ಹೊಸದೇನೂ ಅಲ್ಲ.

ಕನ್ನಡದ ಗಡಿಯನ್ನು ದಾಟಿದರೂ ಈ ಹೆಸರು ನಮ್ಮನ್ನು ಬಿಡುವುದಿಲ್ಲ. ತೆಲುಗಿನಲ್ಲಿ ಮಂತ್ರಿಗೆ 'ಪ್ರೆಗ್ಗಡ' ಎಂದು ಹೆಸರು. ವ್ಯಾಸಭಾರತದ ಅರಣ್ಯಪರ್ವದಲ್ಲಿ ನನ್ನಯನು ಬಿಟ್ಟುಹೋದ ಭಾಗವನ್ನು ತೆಲುಗಿಗೆ ತಂದು ಪೂರ್ಣಗೊಳಿಸಿದ 14ನೆಯ ಶತಮಾನದ ಕವಿ ಎರ್ರನ ಪೂರ್ಣ ಹೆಸರು ಎರ್ರಾಪ್ರೆಗ್ಗಡ. ಅಮೆರಿಕೆಯಲ್ಲಿ ಔಷಧ ವಿಜ್ಞಾನಕ್ಕಾಗಿ ಜೀವ ತೇದು 1948ರಲ್ಲಿ ಅಲ್ಲಿಯೇ ತೀರಿಕೊಂಡ ಯಲ್ಲಾಪ್ರಗಡ ಸುಬ್ಬರಾವ್ ಅವರ ಮನೆತನದ ಹೆಸರಿನ ತುದಿಯಲ್ಲಿ ಕುಳಿತಿರುವವನೂ ಅದೇ ಪೆರ್ಗಡೆಯೇ.

ಹಳೆಯ ರೂಪವನ್ನು ಕೆಡಿಸದೆ ಉಳಿಸಿಕೊಂಡುದು ತುಳುನಾಡು. ತುಳುವಿನಲ್ಲಿ ಪಕಾರ ಹಕಾರವಾಗಲಿಲ್ಲವಷ್ಟೆ. ಅವರ ಹೂವು ಇಂದಿಗೂ ಪೂ, ಅವರ ಹುಲಿ ಇಂದಿಗೂ ಪಿಲಿ. ಧರ್ಮಸ್ಥಳದ ಐತಿಹ್ಯವನ್ನು ನೋಡಿ. ಕುಡುಮದ ನೆಲ್ಯಾಡಿ ಬೀಡಿನಲ್ಲಿದ್ದ ಜೈನ ದಂಪತಿಗಳ ಹೆಸರು ಬಿರ್ಮಣ್ಣ ಪೆರ್ಗಡೆ, ಅಮ್ಮು ಬಲ್ಲಾಳ್ತಿ. ಐತಿಹ್ಯದಲ್ಲಿ ಪೆರ್ಗಡೆ, ವರ್ತಮಾನದಲ್ಲಿ ಹೆಗ್ಗಡೆ. ಅಷ್ಟೇ ಅಲ್ಲ, ಅಲ್ಲಿ ಹೆಗ್ಗಡೆ ಎಂಬುದು ಇಂದಿಗೂ ಪಟ್ಟದ ಹೆಸರು. ರತ್ನವರ್ಮ ಹೆಗ್ಗಡೆಯವರ ತರುವಾಯ 1968ರಲ್ಲಿ ವೀರೇಂದ್ರ ಹೆಗ್ಗಡೆಯವರು ಪೀಠವನ್ನೇರಿದುದು ಮನೆಯ ಹಿರಿಯ ಮಗನೆಂಬ ಕಾರಣದಿಂದ ಮಾತ್ರವೇ ಮುಗಿಯುವ ಸಂಗತಿಯಲ್ಲ. ಅದು ಒಂದು ಹೊಣೆಯನ್ನು ಹೊತ್ತ ಪಟ್ಟಾಭಿಷೇಕ. ಸಾವಿರ ವರ್ಷಗಳ ಹಿಂದಿನ ಶಾಸನದ ಪೆರ್ಗಡೆಯನ್ನು, ಅಂದರೆ ಹೆಸರು ಮತ್ತು ಕೆಲಸ ಒಂದೇ ಆಗಿದ್ದ ಪೆರ್ಗಡೆಯನ್ನು, ಪ್ರತ್ಯಕ್ಷ ಕಾಣಬೇಕಾದರೆ ಅಲ್ಲಿಗೆ ಹೋಗಬೇಕು.

ತುಳುನಾಡಿನ ಮಾತು ಬಂದುದರಿಂದ ಇನ್ನೊಂದನ್ನು ಹೇಳಿಬಿಡುತ್ತೇನೆ. ಮನೆತನವೆಂದರೆ ತಂದೆಯಿಂದ ಮಗನಿಗೆ ಎಂದೇ ನಾವು ಘಟ್ಟದ ಮೇಲಿನವರು ಭಾವಿಸುತ್ತೇವೆ. ಬಂಟರಲ್ಲಿ 'ಬಳಿ' ಎಂಬುದು ತಾಯಿಯಿಂದ ಬರುವುದು. ಅಳಿಯಸಂತಾನದ ಕಟ್ಟಿನಲ್ಲಿ ಮನೆಯ ಯಜಮಾನಿಕೆ ಸೋದರಮಾವನಿಂದ ಅಳಿಯನಿಗೆ ಇಳಿಯುತ್ತಿದ್ದಿತು. 1949ರ ಮದರಾಸು ಅಳಿಯಸಂತಾನ ಕಾಯಿದೆಯೂ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯೂ ಆಸ್ತಿಯ ಹಾದಿಯನ್ನು ಬದಲಾಯಿಸಿದುವು. ಆದುದರಿಂದ ಹೆಸರು ಎಂದರೆ ರಕ್ತದ ಗೆರೆ, ಅದೂ ತಂದೆಯ ರಕ್ತದ ಗೆರೆ ಎಂಬುದು ನಮ್ಮ ನಾಡಿನಲ್ಲಿಯೇ ಸಾರ್ವತ್ರಿಕ ಸತ್ಯವಾಗಿರಲಿಲ್ಲ.

ಯೂರೋಪಿನಲ್ಲಿ ವಂಶಪಾರಂಪರ್ಯದ ಹೆಸರನ್ನು ಬಹಳ ಮೊದಲು ರೂಢಿಸಿಕೊಂಡವರಲ್ಲಿ ಐರ್ಲೆಂಡಿನವರು ಒಬ್ಬರು. ನಮ್ಮಲ್ಲಿ ಪೆರ್ಗಡೆಗಳು ಶಾಸನ ಬರೆಯಿಸುತ್ತಿದ್ದ 10, 11ನೆಯ ಶತಮಾನಗಳಲ್ಲಿಯೇ ಅಲ್ಲಿ 'ಓ', 'ಮ್ಯಾಕ್' ಎಂಬ ಪೂರ್ವಪದಗಳ ಹೆಸರುಗಳು ನೆಲೆಗೊಂಡುವು. 'ಮ್ಯಾಕ್' ಎಂದರೆ ಮಗ, 'ಓ' ಎಂದರೆ ಮೊಮ್ಮಗ, ವಂಶದವನು. ಯಾರ ಮಗ? ಅನೇಕ ವೇಳೆ ಒಬ್ಬ ಕಸುಬುದಾರನ ಮಗ. ಇಂಗ್ಲಿಷಿನಲ್ಲಿ ವಾರ್ಡ್ ಎಂದು ಬರೆದುಕೊಳ್ಳುವ ಅನೇಕ ಐರಿಷ್ ಮನೆತನಗಳ ಮೂಲ ಹೆಸರಿಗೆ ಕವಿಯ ಮಗನೆಂದು ಅರ್ಥ. ಹಿಕ್ಕಿ ಎಂಬ ಹೆಸರಿನ ಮೂಲಕ್ಕೆ ವೈದ್ಯನ ವಂಶದವನೆಂದು ಅರ್ಥ. ಆ ಮನೆತನದವರು ಥಾಮಂಡ್ ಸೀಮೆಯ ಓಬ್ರಿಯನ್ ದೊರೆಗಳಿಗೆ ಪರಂಪರೆಯ ವೈದ್ಯರು. ಪತ್ರಿಕೆಯ ವಾಚಕರಿಗೆ ಈ ಹೆಸರು ಅಪರಿಚಿತವಲ್ಲ. 1780ರಲ್ಲಿ ಕಲ್ಕತ್ತೆಯಲ್ಲಿ ಭಾರತದ ಮೊದಲನೆಯ ಮುದ್ರಿತ ವೃತ್ತಪತ್ರಿಕೆಯನ್ನು ಹೊರಡಿಸಿದ ಜೇಮ್ಸ್ ಅಗಸ್ಟಸ್ ಹಿಕ್ಕಿ ಐರ್ಲೆಂಡಿನವನು. ವೈದ್ಯನ ವಂಶದ ಹೆಸರನ್ನು ಹೊತ್ತವನು ಗವರ್ನರ್ ಜನರಲನಿಗೆ ಕಹಿ ಗುಳಿಗೆ ಕೊಟ್ಟು ಸೆರೆಮನೆ ಸೇರಿದ.

ಆ ಹೆಸರುಗಳಿಗೆ ಒದಗಿದ ಗತಿ ನಮಗೂ ಪಾಠವಾಗಬೇಕು. 1465ರಲ್ಲಿ ಒಂದು ಶಾಸನವಾಯಿತು: ಡಬ್ಲಿನ್ ಮೊದಲಾದ ಸೀಮೆಗಳಲ್ಲಿ ಆಂಗ್ಲರ ನಡುವೆ ವಾಸವಾಗಿರುವ ಐರಿಷರು ತಮ್ಮ ಹೆಸರುಗಳನ್ನು ಬಿಟ್ಟು ಇಂಗ್ಲಿಷ್ ಹೆಸರನ್ನಿಟ್ಟುಕೊಳ್ಳತಕ್ಕದ್ದು, ಆ ಹೆಸರು ಒಂದು ಊರಿನದೋ, ಬಣ್ಣದ್ದೋ, ಕಸುಬಿನದೋ, ಉದ್ಯೋಗದ್ದೋ ಆಗಿರತಕ್ಕದ್ದು. ಮುಂದಿನ ಶತಮಾನಗಳಲ್ಲಿ ಬಹುಮಂದಿ ತಮ್ಮ 'ಓ', 'ಮ್ಯಾಕ್'ಗಳನ್ನು ಕಳಚಿಟ್ಟರು. 19ನೆಯ ಶತಮಾನದ ಕೊನೆಯಲ್ಲಿ ತಮ್ಮ ಭಾಷೆಯ ಅಭಿಮಾನ ಮರುಕಳಿಸಿದಾಗ ಎಷ್ಟೋ ಮನೆಗಳು ಆ 'ಓ'ವನ್ನು ಅಟ್ಟದಿಂದಿಳಿಸಿ ಮತ್ತೆ ಬಾಗಿಲಿಗೆ ಕಟ್ಟಿದುವು. ನಮ್ಮಲ್ಲಿ ಅಂಥ ಶಾಸನವನ್ನು ಯಾರೂ ಮಾಡಲಿಲ್ಲ. ಅರ್ಜಿಯ ನಮೂನೆಗಳೇ ಆ ಕೆಲಸವನ್ನು ಮಾಡುತ್ತಿವೆ.

ಹಳೆಯ ಮೈಸೂರಿನವರಾದ ನಮಗೆ ಹೆಸರಿನ ಹಿಂದೆ ಎರಡಕ್ಷರ. ಒಂದು ಊರಿನದು, ಇನ್ನೊಂದು ತಂದೆಯದು. ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ, ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬಂತೆ. ಧಾರವಾಡದ ಕಡೆ ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು. ಆ ಅಡ್ಡಹೆಸರುಗಳ ಸಮೃದ್ಧಿಯನ್ನು ಕಂಡು ನನಗೆ ಯಾವಾಗಲೂ ಹೊಟ್ಟೆಕಿಚ್ಚು. ಬಡಿಗೇರ, ಹೂಗಾರ, ಪತ್ತಾರ, ಅಂಗಡಿ, ಬೆಲ್ಲದ, ಮೆಣಸಿನಕಾಯಿ, ಉಳ್ಳಾಗಡ್ಡಿ: ಒಂದು ತರಗತಿಯ ಹಾಜರಿ ಕರೆದರೆ ಒಂದು ಸಂತೆಯನ್ನು ಸುತ್ತಿಬಂದಂತೆ. ವಿಜಯನಗರದಲ್ಲಿಯೂ ರಾಜಾಜಿನಗರದಲ್ಲಿಯೂ ಈ ಎರಡು ಪದ್ಧತಿಗಳವರು ಗೋಡೆಗೆ ಗೋಡೆ ಹಚ್ಚಿಕೊಂಡು ಬಾಳುತ್ತಿದ್ದಾರೆ. ಪಾಸ್‌ಪೋರ್ಟಿನ ನಮೂನೆ ಮಾತ್ರ 'ಸರ್‌ನೇಮ್' ಎಂಬ ಒಂದೇ ಮನೆಯನ್ನು ಬಿಟ್ಟು ಕುಳಿತಿದೆ. 2022ರ ನವೆಂಬರಿನಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್ ಸರ್ಕಾರ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರುಳ್ಳ ಪ್ರವಾಸಿಗಳಿಗೆ ಪ್ರವೇಶವಿಲ್ಲವೆಂದಾಗ ನಮ್ಮ ಬೀದಿಯಲ್ಲಿಯೇ ಒಂದು ಸಂಸಾರ ಕಂಗಾಲಾಗಿತ್ತು. ಹೊರದೇಶಕ್ಕೆ ಓದಲು ಹೋದ ನನ್ನ ವಿದ್ಯಾರ್ಥಿನಿಯೊಬ್ಬಳನ್ನು ಅಲ್ಲಿನ ಗುರುಗಳು ಮೂರು ವರ್ಷ ಆಕೆಯ ತಂದೆಯ ಹೆಸರಿನಿಂದಲೇ ಕರೆದರಂತೆ. "ಸಾರ್, ಅಪ್ಪನ ಪರೀಕ್ಷೆಯನ್ನ ನಾನು ಬರೆದ ಹಾಗಿತ್ತು" ಎಂದಳು.

ಇರಲಿ. ಹೆಗಡೆಗೆ ಹಿಂದಿರುಗೋಣ. ಉದ್ಯೋಗ ಹೋದ ಮೇಲೂ ಹೆಸರು ನಿಲ್ಲುವುದಕ್ಕೆ ನಮ್ಮ ಕಾಲದಲ್ಲಿಯೇ ಉದಾಹರಣೆಯುಂಟು. 1961ರಲ್ಲಿ ಅಂಗೀಕೃತವಾದ ಗ್ರಾಮಾಧಿಕಾರ ರದ್ದಿಯಾತಿ ಕಾಯಿದೆ 1963ರ ಫೆಬ್ರವರಿಯಲ್ಲಿ ಜಾರಿಗೆ ಬಂದಾಗ, ಪಟೇಲಿಕೆ, ಶಾನುಭೋಗಿಕೆ, ತಳವಾರಿಕೆಗಳೆಂಬ ಪರಂಪರೆಯ ಹಕ್ಕುಗಳು ಮುಗಿದುವು. ಶಾನುಭೋಗರ ಕೈಯಿಂದ ಲೆಕ್ಕದ ಪುಸ್ತಕ ಹೋಯಿತು. ಆದರೆ ಶಾನಭಾಗ, ಕುಲಕರ್ಣಿ, ಪಾಟೀಲ, ತಳವಾರ ಎಂಬ ಹೆಸರುಗಳು ಒಂದೂ ಅಳಿಯಲಿಲ್ಲ. ಇನ್ನು ಐನೂರು ವರ್ಷಗಳಾದ ಮೇಲೆ ಕುಲಕರ್ಣಿ ಎಂದರೆ ಯಾವ ಜಾತಿಯೆಂದು ಮಾತ್ರ ಜನ ಕೇಳಿಯಾರು. ಯಾವ ಕೆಲಸವೆಂದು ಕೇಳುವವರಿರಲಾರರು. ಹೆಗಡೆಗೆ ಆಗಿರುವುದೂ ಇದೇ. ಕೆಲಸದ ನೆನಪು ಹೋಯಿತು. ಆ ಖಾಲಿಯಾದ ಜಾಗದಲ್ಲಿ ಜಾತಿ ಬಂದು ಕುಳಿತಿತು. ಬಸವೇಶ್ವರನಗರದ ಆ ಯಜಮಾನರು ಹೆಗಡೆ ಎಂಬ ಶಬ್ದದಿಂದ ಒಂದು ಅಡುಗೆಮನೆಯನ್ನು ಊಹಿಸಿದರು. ಶಬ್ದಕ್ಕೆ ಅಡುಗೆಮನೆಯ ಸಂಬಂಧವೇ ಇಲ್ಲ. ಅದು ಸುಂಕದ ಕಟ್ಟೆಗೂ ಅರಮನೆಯ ಓಲಗಕ್ಕೂ ಸೇರಿದ್ದು. ಹವ್ಯಕ, ಬಂಟ, ಜೈನ, ಒಕ್ಕಲಿಗ, ಕೊಡಗಿನ ಹೆಗ್ಗಡೆ ಇವರೆಲ್ಲರೂ ಒಂದು ಶಬ್ದವನ್ನು ಹಂಚಿಕೊಂಡಿರುವುದನ್ನು ಕಂಡು ಹಿಗ್ಗಬೇಕಾದ ನಾವು ಆ ಶಬ್ದವನ್ನು ಜರಡಿಯನ್ನಾಗಿ ಮಾಡಿಕೊಂಡಿದ್ದೇವೆ.

ಇದನ್ನು ಬರೆಯುವಾಗ ನನಗಿದ್ದ ಉತ್ಸಾಹದಲ್ಲಿ ನಾನು ಒಂದು ಕೆಲಸ ಮಾಡಿದೆ. ಎರಡನೆಯ ವರ್ಷದ ಪದವಿ ತರಗತಿಯ ವಿದ್ಯಾರ್ಥಿಗಳಿಗೆ, ರಜೆಯಲ್ಲಿ ಊರಿಗೆ ಹೋದಾಗ ಅಜ್ಜ ಅಜ್ಜಿಯರನ್ನು ಕೇಳಿ, ತಮ್ಮ ಮನೆತನದ ಹೆಸರು, ಅದರ ಅರ್ಥ, ಆ ಮನೆತನ ಹಿಂದೆ ಮಾಡುತ್ತಿದ್ದ ಕೆಲಸ ಇಷ್ಟನ್ನು ಎರಡು ಪುಟ ಬರೆದು ತರುವಂತೆ ಹೇಳಿದೆ. ಒಳ್ಳೆಯ ಬರಹಗಳು ಬಂದುವು. ಎರಡಕ್ಷರದ ಹಿಂದೆ ಅಡಗಿದ್ದ ಮನೆತನಗಳು ಹೊರಗೆ ಬಂದುವು: ಕೋಟೆಯ ಬಾಗಿಲು ಕಾಯುತ್ತಿದ್ದವರು, ಕೆರೆಯ ತೂಬನ್ನೆತ್ತುತ್ತಿದ್ದ ನೀರಗಂಟಿಗಳು, ಊರಹಬ್ಬಕ್ಕೆ ಮೊದಲ ದೀವಟಿಗೆ ಹಚ್ಚುತ್ತಿದ್ದವರು. ನಾನು ಸಂಭ್ರಮದಿಂದ ಓದಿ ಹೇಳುತ್ತಿದ್ದೆ. ಕೊನೆಯ ಬೆಂಚಿನ ಹುಡುಗನೊಬ್ಬ ಕಾಗದ ಕೊಟ್ಟಿರಲಿಲ್ಲ. ಬುದ್ಧಿವಂತ ಹುಡುಗ, ಮರೆತಿರಲಾರ. ತರಗತಿ ಮುಗಿದ ಮೇಲೆ ತಾನಾಗಿಯೇ ಬಂದು ನಿಂತ.

"ಸಾರ್, ನಮ್ಮಜ್ಜನ್ನ ಊರವರು ಕೂಗ್ತಿದ್ದ ಹೆಸರು ಮನೆತನದ್ದಲ್ಲ, ಬೈಗುಳ. ನಮ್ಮಪ್ಪ ಅದನ್ನ ಬಿಟ್ಟು ಬೆಂಗಳೂರಿಗೆ ಬಂದ. ಅಪ್ಪ ಬಿಟ್ಟು ಬಂದದ್ದನ್ನ ನಾನು ಎತ್ಕೊಂಡು ಬಂದು ನಿಮ್ಮ ಮೇಜಿನ ಮೇಲೆ ಇಡಬೇಕಾ?"

ನನಗೆ ಥಟ್ಟನೆ ಉತ್ತರ ತೋಚಲಿಲ್ಲ. ಅಧ್ಯಾಪಕರ ಚಟವೆಂಬಂತೆ ಬಸವಣ್ಣನವರ ಕಾಲದ ಶರಣರ ಹೆಸರುಗಳನ್ನು ಹೇಳಿದೆ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ, ತುರುಗಾಹಿ ರಾಮಣ್ಣ. ಸುಂಕವೆರ್ಗಡೆಯ ಕೈಕೆಳಗಿನವನಿರಬಹುದಾದ ಸುಂಕದ ಬಂಕಣ್ಣ. 12ನೆಯ ಶತಮಾನದಲ್ಲಿಯೇ ಅವರು ತಮ್ಮ ಕಾಯಕವನ್ನು ಹೆಸರಿನ ಮುಂದೆ ಕಿರೀಟದಂತೆ ಧರಿಸಲಿಲ್ಲವೆ ಎಂದೆ. ಹುಡುಗ ವಿನಯದಿಂದಲೇ ಕೇಳಿದ: "ಅವರು ತಾವೇ ಇಟ್ಕೊಂಡ್ರು ಅಲ್ವಾ ಸಾರ್?"

ಆತನ ಮಾತು ನನ್ನ ವಾದದ ಅರ್ಧವನ್ನು ಕೆಡವಿತೆಂದು ಒಪ್ಪಿಕೊಳ್ಳುವುದು ನ್ಯಾಯ. ಹೆಗ್ಗಡೆ, ಗೌಡ, ಶೆಟ್ಟಿ, ಸೇನಬೋವ ಇವೆಲ್ಲ ಮೇಲಿನವರ ಹೆಸರುಗಳು. ಶಾಸನ ಬರೆಯಿಸಲು ಶಕ್ತಿಯಿದ್ದವರ ಹೆಸರುಗಳು ಕಲ್ಲಿನಲ್ಲಿ ಉಳಿದುವು. ಆ ಕಲ್ಲನ್ನು ಹೊತ್ತು ತಂದವರ ಹೆಸರನ್ನು ಇನ್ನೊಬ್ಬರು ಇಟ್ಟರು. ಆದುದರಿಂದ ಎಲ್ಲರೂ ತಮ್ಮ ತಮ್ಮ ಹಳೆಯ ಹೆಸರನ್ನು ಬಾಗಿಲಿಗೆ ಬರೆಯಿಸಿಕೊಳ್ಳಬೇಕೆಂದು ಉಪದೇಶ ಮಾಡುವ ಧೈರ್ಯ ನನಗೀಗ ಇಲ್ಲ. ಹೆಸರನ್ನು ಇಟ್ಟುಕೊಳ್ಳುವ ಹಕ್ಕಿನಷ್ಟೇ ಬಿಡುವ ಹಕ್ಕೂ ದೊಡ್ಡದು. ಆದರೆ ಬಿಡುವವನು ತಾನಾಗಿ ಬಿಡಬೇಕು. ನಮೂನೆಯ ಅಂಕಣ ಬಿಡಿಸಬಾರದು. ಇಟ್ಟುಕೊಳ್ಳುವವನಿಗೆ ಅದರ ಅರ್ಥ ತಿಳಿದಿರಬೇಕು. ಹೆಗಡೆಯ ಮಗನಿಗೆ ತಾನು ಹೊತ್ತಿರುವುದು ಒಂದು ಉದ್ಯೋಗದ ಹೆಸರು, ಅದನ್ನು ಕಾರ್ಕಳದ ಬಂಟರ ಹುಡುಗನೂ ಸಿದ್ದಾಪುರದ ಹವ್ಯಕರ ಹುಡುಗನೂ ಸಮಾನವಾಗಿ ಹೊತ್ತಿದ್ದಾರೆಂಬುದನ್ನು ಯಾರಾದರೂ ಹೇಳಬೇಕು. ಕೊನೆಯ ಪಕ್ಷ ಕನ್ನಡ ಅಧ್ಯಾಪಕರಾದರೂ ಹೇಳಬೇಕು. ನಮ್ಮ ಪಠ್ಯಪುಸ್ತಕಗಳಲ್ಲಿ ಪ-ಹ ವ್ಯತ್ಯಾಸಕ್ಕೆ ಹಾಲು, ಹೂವು, ಹಾವುಗಳನ್ನೇ ಎಷ್ಟು ಕಾಲ ಉದಾಹರಿಸುತ್ತ ಕೂಡುವುದು? ಪೆರ್ಗಡೆಯನ್ನು ಉದಾಹರಿಸಿದರೆ ವ್ಯಾಕರಣದ ಪಾಠದ ಜೊತೆಗೆ ಇನ್ನೂ ಒಂದು ಪಾಠವಾದೀತು.

ಒಂದು ಊರಿನಲ್ಲಿ ಹೆಗಡೆಯರೇ ತುಂಬಿಕೊಂಡಾಗ ಜನ ಏನು ಮಾಡಿದರೆಂಬುದೂ ಗಮನಾರ್ಹ. ಯಕ್ಷಗಾನದ ಅಭಿಮಾನಿಗಳು ಶಿವರಾಮ ಹೆಗಡೆ, ಶಂಭು ಹೆಗಡೆ ಎನ್ನುವುದಿಲ್ಲ. ಕೆರೆಮನೆ ಶಿವರಾಮ ಹೆಗಡೆ, ಕೆರೆಮನೆ ಶಂಭು ಹೆಗಡೆ ಎನ್ನುತ್ತಾರೆ. 1934ರಲ್ಲಿ ತಂದೆ ಕಟ್ಟಿದ ಇಡಗುಂಜಿ ಮೇಳವನ್ನು ಮಗ ದೇಶದೇಶಕ್ಕೆ ಕೊಂಡೊಯ್ದ. ಹಾಗೆಯೇ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು. 'ಚಿಟ್ಟಾಣಿ' ಎಂದರೆ ಸಾಕು, ಹೆಗಡೆ ಎನ್ನುವುದೂ ಬೇಡ. ಯಾವ ಹೆಗಡೆ ಎಂಬ ಪ್ರಶ್ನೆಗೆ ಅಲ್ಲಿ ಮನೆ ಉತ್ತರವಾಯಿತು, ಊರು ಉತ್ತರವಾಯಿತು, ಕಡೆಗೆ ಕುಣಿತ ಉತ್ತರವಾಯಿತು. ಪ್ರಶ್ನೆಯನ್ನು ಹೀಗೆಯೂ ಕೇಳಬಹುದೆಂದು ನನಗೆ ಹೊಳೆದದ್ದು ತಡವಾಗಿ.

ನಮ್ಮ ತರುಣ ಮಿತ್ರರಿಗೆ ಕೊನೆಗೆ ಕೆಂಗೇರಿಯ ಕಡೆ ಒಂದು ಮನೆ ದೊರೆಯಿತು. ಮೆಟ್ರೋ ಬಂದ ಮೇಲೆ ಕೆಂಗೇರಿ ದೂರವೇನೂ ಅಲ್ಲ. ಹಾಲುಕ್ಕಿಸುವ ದಿನ ನನ್ನನ್ನೂ ಕರೆದಿದ್ದರು. ಬಾಗಿಲಿನ ಪಕ್ಕದಲ್ಲಿ ಹೊಸದಾಗಿ ಬರೆಯಿಸಿದ ಮರದ ಹಲಗೆ. ಅದರಲ್ಲಿ 'ಹೆಗ್ಡೆ' ಎಂದಿರಲಿಲ್ಲ, 'ಹೆಗಡೆ' ಎಂದೂ ಇರಲಿಲ್ಲ. ಗಕಾರಕ್ಕೆ ಗಕಾರದ ಒತ್ತನ್ನು ಕೊಟ್ಟು ದುಂಡಗೆ 'ಹೆಗ್ಗಡೆ' ಎಂದು ಬರೆಯಿಸಿದ್ದರು. ನಾನು ಅದನ್ನು ನೋಡುತ್ತ ನಿಂತುದನ್ನು ಕಂಡು, "ಪೆರ್ಗಡೆ ಅಂತಲೇ ಬರೆಸೋಣ ಅಂತಿದ್ದೆ ಸಾರ್, ಕೊರಿಯರ್‌ನವರಿಗೆ ಕಷ್ಟವಾಗುತ್ತೆ ಅಂತ ಇವಳು ಬೇಡ ಅಂದಳು" ಎಂದರು. ಒಳಗೆ ಪಾಯಸದ ಪರಿಮಳ ಬರುತ್ತಿತ್ತು. ಆ ಹೊತ್ತಿಗೆ ಎದುರುಮನೆಯ ವೃದ್ಧರೊಬ್ಬರು ಗೇಟಿನ ಬಳಿ ಬಂದು, ಕನ್ನಡಕವನ್ನು ಸರಿಪಡಿಸಿಕೊಂಡು, ಹಲಗೆಯನ್ನು ಅಕ್ಷರ ಅಕ್ಷರವಾಗಿ ಓದಿ, ಕೈಮುಗಿದು ಕೇಳಿದರು:

"ಧರ್ಮಸ್ಥಳದವರೇ?"